ಬೀಗರ ಒತ್ತಾಯ ನಿಯಮಾವಳಿ

ಹಬ್ಬಕ್ಕೆ ಬಂದ ಬೀಗರು ಊಟಕ್ಕೆ ಕುಳಿತು ‘ಸಾಕು’ ಎಂದರೆ ಅದನ್ನು ನಂಬತಕ್ಕದ್ದಲ್ಲ ಎಂದು ರಾಣೇಬೆನ್ನೂರಿನ ವಿರೂಪಾಕ್ಷಪ್ಪನವರ ಮನೆಯಲ್ಲಿ ಈ ಶ್ರಾವಣದಿಂದ ಜಾರಿಗೆ ಬರುವಂತೆ ಆದೇಶವಾಗಿದೆ. ವಿರೂಪಾಕ್ಷಪ್ಪನವರು ಹಾವೇರಿಯ ಕಚೇರಿಯೊಂದರಿಂದ ನಿವೃತ್ತರಾದವರು. ಆದೇಶ ಹೊರಡಿಸುವ ಚಟ ಮಾತ್ರ ಇನ್ನೂ ಸೇವೆಯಲ್ಲಿದೆ.

ಆದೇಶಕ್ಕೆ ಕಾರಣವುಂಟು. ಕಳೆದ ದೀಪಾವಳಿಗೆ ಮಗಳು ಸುಧಾರಾಣಿಯ ಅತ್ತೆ, ಬ್ಯಾಡಗಿಯ ನೀಲಗಂಗವ್ವ, ಒಂದು ಹೋಳಿಗೆ ತಿಂದು ‘ಸಾಕ್ರಿ’ ಎಂದರು. ವಿರೂಪಾಕ್ಷಪ್ಪನವರ ಹೆಂಡತಿ ಪ್ರೇಮವ್ವ ಅದನ್ನು ನಂಬಿ ಬುಟ್ಟಿ ಮುಚ್ಚಿಬಿಟ್ಟರು. ಇಂಥ ನಂಬಿಕೆಯಿಂದಲೇ ಎಷ್ಟೋ ಸಂಬಂಧಗಳು ಕೆಟ್ಟಿವೆ. ಸಾಕು ಎಂದವರಿಗೆ ಮತ್ತೆ ಮತ್ತೆ ನೀಡುವುದು, ಅವರು ಮತ್ತೆ ಮತ್ತೆ ಬೇಡವೆನ್ನುವುದು, ಕೊನೆಗೆ ಎಲ್ಲವನ್ನೂ ತಿನ್ನುವುದು ಈ ಕಡೆಯ ಮರ್ಯಾದೆ. ನೀಲಗಂಗವ್ವ ಅರೆಹೊಟ್ಟೆಯಲ್ಲಿ ಬಸ್ಸು ಹತ್ತಿದರು. ಆಮೇಲೆ ಸೊಸೆಯನ್ನು ಸಂಕ್ರಾಂತಿಗೂ ಕಳಿಸಲಿಲ್ಲ, ಯುಗಾದಿಗೂ ಕಳಿಸಲಿಲ್ಲ. ನಾಗಪಂಚಮಿಗಾದರೂ ಮಗಳು ತವರಿಗೆ ಬರದಿದ್ದರೆ ಈ ಮನೆಯಲ್ಲಿ ಹಬ್ಬದ ಉಂಡಿ ಕಟ್ಟುವುದಿಲ್ಲವೆಂದು ಪ್ರೇಮವ್ವ ಅತ್ತರು.

ನೆರೆಮನೆಯ ಯೂಸುಫಸಾಬರು ಮೆಣಸಿನಕಾಯಿ ವ್ಯಾಪಾರಕ್ಕೆ ಬ್ಯಾಡಗಿಗೆ ಹೋಗಿಬರುವವರಾದ್ದರಿಂದ ಸಂಧಾನಕ್ಕೆ ಅವರನ್ನೇ ಕಳಿಸಲಾಯಿತು. ನೀಲಗಂಗವ್ವ ಒಪ್ಪಿದರು. ತಾವೇ ಸೊಸೆಯನ್ನು ಕರೆತಂದು ಉಂಡು ನೋಡುವರು. ಮರ್ಯಾದೆ ಸರಿಕಂಡರೆ ಹಬ್ಬಕ್ಕೆ ಬಿಟ್ಟು ಹೋಗುವರು, ಇಲ್ಲವಾದರೆ ಅದೇ ಬಸ್ಸಿಗೆ ವಾಪಸು ಕರೆದೊಯ್ಯುವರು.

ನಿಯಮಾವಳಿ ಸಿದ್ಧವಾಯಿತು. ತಾಟಿನ ಮೇಲೆ ಕೈ ಅಡ್ಡ ಹಿಡಿದಲ್ಲಿ ಕೈಯ ಮೇಲೆಯೇ ನೀಡತಕ್ಕದ್ದು. ಆಣೆ ಇಟ್ಟು ಬೇಡವೆಂದಲ್ಲಿ ಆ ಆಣೆಯನ್ನು ಊಟದ ನಂತರ ಪರಿಶೀಲಿಸತಕ್ಕದ್ದು. ಹೊಟ್ಟೆ ನಿಜಕ್ಕೂ ತುಂಬಿದೆಯೇ ಎಂಬುದನ್ನು ತಟಸ್ಥ ವೀಕ್ಷಕರು ದೃಢೀಕರಿಸತಕ್ಕದ್ದು. ಯಾರ ಬೀಗರೂ ಅಲ್ಲದ ಯೂಸುಫಸಾಬರನ್ನು ವೀಕ್ಷಕರನ್ನಾಗಿ ನೇಮಿಸಲಾಯಿತು.

ಬೀಗತಿ ಸೊಸೆಯನ್ನು ಕರೆದುಕೊಂಡು ಬಂದರು, ಊಟಕ್ಕೆ ಕುಳಿತರು, ಒಂದು ಹೋಳಿಗೆ ತಿಂದರು.

“ಸಾಕ್ರಿ ಬೀಗತೇರ.”

ಪ್ರೇಮವ್ವ ನೀಡಿದರು. ಅದನ್ನೂ ತಿಂದರು. ಮತ್ತೆ ನೀಡಿದರು.

“ಖರೇನ ಸಾಕ್ರಿ. ಹೊಟ್ಟಿ ತುಂಬೇತಿ.”

ಪ್ರೇಮವ್ವ ವೀಕ್ಷಕರ ಮುಖ ನೋಡಿದರು.

“ಬರೇ ನೋಡಿ ಹೆಂಗ ಹೇಳಾಕ ಬರ್ತೈತ್ರಿ ಅಕ್ಕಾರ?” ಎಂದರು ಯೂಸುಫಸಾಬರು. “ನಾನೂ ಅಷ್ಟ ತಿಂದ್ರ ಅಂದಾಜ ಸಿಗ್ತೈತಿ.”

ಅವರಿಗೂ ತಾಟು ಇಡಲಾಯಿತು. ವೀಕ್ಷಕರು ಬೀಗತಿಗೆ ಸಮನಾಗಿ ತಿಂದರು, ಸಂಶಯ ಬಂದು ತುಪ್ಪವನ್ನು ಮರುಪರೀಕ್ಷೆಗೆ ಒಳಪಡಿಸಿದರು, ಬಳಿಕ ಇನ್ನೂ ಜಾಗವಿದೆಯೆಂದು ವರದಿ ಕೊಟ್ಟರು. ನೀಲಗಂಗವ್ವ ಕೈ ಅಡ್ಡ ಹಿಡಿದರು. ಕೈಯ ಮೇಲೆ ಹೋಳಿಗೆ ಬಿತ್ತು, ತುಪ್ಪ ಮೊಣಕೈವರೆಗೆ ಇಳಿಯಿತು. ನಿಯಮದ ಪಾಲನೆ ಸಮಾಧಾನಕರವಾಗಿತ್ತು.

ಕೊನೆಗೆ ನೀಲಗಂಗವ್ವ ಗೋಡೆ ಹಿಡಿದು ಎದ್ದರು. ಉಸಿರು ಸರಿಯಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಎಷ್ಟ ಕಾಡಿದ್ರಿ ಬೀಗತೇರ. ಊಟಾ ಅಂದ್ರ ಹಿಂಗಿರಬೇಕ ನೋಡ್ರಿ. ಇರ್ಲಿ ನಿಮ್ಮ ಮಗಳು, ಪಂಚಮಿ ಮುಗಿಸ್ಕೊಂಡ ಬರ್ಲಿ.”

ದಸರೆಗೆ ಬ್ಯಾಡಗಿಯಲ್ಲೂ ಇದೇ ನಿಯಮಾವಳಿ ಜಾರಿಯಾಗುವುದೆಂದು ತಿಳಿಸಿ, ವೀಕ್ಷಕರನ್ನು ಈಗಲೇ ಗೊತ್ತುಮಾಡಿಕೊಂಡು ಹೊರಟರು.

ಬೀಗತಿಯನ್ನು ಬಸ್ಸು ಹತ್ತಿಸಿ ಗಂಡಹೆಂಡತಿ ಮನೆಗೆ ಬಂದಾಗ ಸುಧಾರಾಣಿ ಖಾಲಿ ತಾಟಿನ ಮುಂದೆ ಕುಳಿತಿದ್ದಳು. ಇಷ್ಟು ಗದ್ದಲದಲ್ಲಿ ಅವಳಿಗೆ ನೀಡುವುದನ್ನೇ ಎಲ್ಲರೂ ಮರೆತಿದ್ದರು.

“ಅವ್ವಾ, ಭಾಳ ಹಸಿವ್ಯಾಗೇತಿ. ಹೋಳಿಗಿ ನೀಡು.”

ಬುಟ್ಟಿ ತೆಗೆದುಕೊಂಡ ಪ್ರೇಮವ್ವ ಅಭ್ಯಾಸಬಲದಿಂದ ಗಂಡನ ಕಡೆ ನೋಡಿದರು. ವಿರೂಪಾಕ್ಷಪ್ಪನವರು ಕನ್ನಡಕ ಏರಿಸಿ ನಿಯಮಾವಳಿಯನ್ನು ತಿರುವಿ ನೋಡಿದರು.

“ಬೇಕು ಅಂದವ್ರಿಗೆ ನೀಡಾಕ ನಿಯಮದಾಗ ಅವಕಾಶ ಇಲ್ಲವ್ವಾ. ಮೊದಲ ಬ್ಯಾಡ ಅನ್ನು.”

ಸುಧಾರಾಣಿ ತಾಟನ್ನು ತಾಯಿಯ ಹತ್ತಿರಕ್ಕೆ ಸರಿಸಿದಳು.

“ಬ್ಯಾಡವ್ವಾ,” ಎಂದಳು.

ಪ್ರೇಮವ್ವ ಎರಡು ನೀಡಿದರು.