ಒಂದು ನಿಮಿಷ ನಿಲ್ಲುವ ಗಾಡಿ

ನಮ್ಮ ಹಾಲ್ಟಿನಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲುವುದು ಒಂದೇ ನಿಮಿಷ. ಆ ಒಂದು ನಿಮಿಷದ ಹಿಂದೆ ಮುಂದೆ ಏನಾದರೊಂದು ಆಗದೆ ಹೋಗುವುದಿಲ್ಲ. ಅದನ್ನು ಹೇಳಿಕೊಂಡು ನಗುವುದಕ್ಕೆ ಮಾತ್ರ ನಮಗೆ ಇಡೀ ದಿನ ಬೇಕು.

ನಾನು ರೈಲ್ವೆ ನೌಕರನಲ್ಲ. ದೊಡ್ಡ ಸ್ಟೇಷನ್ನಿನಿಂದ ಟಿಕೆಟ್ ತಂದು ಇಲ್ಲಿಯ ಕಿಟಕಿಯಲ್ಲಿ ಮಾರುವ ಏಜೆಂಟ. ಸವಣೂರು ಸೀಮೆಯ ಈ ಹಾಲ್ಟಿನ ಬೆನ್ನಿಗೆ ಒಂದು ಕಾಲಕ್ಕೆ ನೂಲಿನ ಮಿಲ್ಲು, ಹತ್ತಿ ಜಿನ್ನು, ಎರಡು ಎಣ್ಣೆ ಗಿರಣಿ ಇದ್ದವು. ಈಗ ಒಂದು ಎಣ್ಣೆ ಗಿರಣಿಯಷ್ಟೇ ಉಸಿರಾಡುತ್ತಿದೆ. ಹೋದ ವರ್ಷ ಮೇಲಿನಿಂದ ಕಾಗದ ಬಂತು. ಟಿಕೆಟ್ ಹೋಗುತ್ತಿಲ್ಲ, ಸಾಹೇಬರು ಬಂದು ಒಂದು ದಿನ ಎಣಿಸುತ್ತಾರೆ, ಜನ ಕಾಣದಿದ್ದರೆ ಗಾಡಿ ಇಲ್ಲಿ ನಿಲ್ಲುವುದಿಲ್ಲ ಎಂದು. ನಾನು ಅಂದೇ ಬಸವಣ್ಣನ ಗುಡಿಯಲ್ಲಿ ಕೈಮುಗಿದು ಹರಕೆ ಹೊತ್ತೆ: ಗಾಡಿ ಉಳಿಯಿತು ಎನ್ನುವವರೆಗೆ ಚಹಾ ಮುಟ್ಟುವುದಿಲ್ಲ.

"ಬೇಕಾದ್ರ ಊಟಾ ಬಿಡ್ರಿ. ಚಹಾ ಬಿಟ್ರ ನಿಮ್ಮ ಜೋಡಿ ಬಾಳ್ವೆ ಮಾಡೂದು ಹೆಂಗ?" ಎಂದಳು ಮನೆಯಾಕೆ. ಆದರೆ ನಾನು ಹಠ ಹಿಡಿದಾಗಿತ್ತು.

ಕೀಲಿ

ನೂಲಿನ ಮಿಲ್ಲು ಮುಚ್ಚಿ ವರ್ಷಗಳಾದವು. ಅದರ ಕಾವಲುಗಾರ ಮಾತ್ರ ಇಂದಿಗೂ ಮುಂಜಾನೆಯ ಗಾಡಿಗೆ ಬಂದು ಸಂಜೆಯ ಗಾಡಿಗೆ ಹೋಗುತ್ತಾನೆ. ನನ್ನ ಕಾಯಂ ಗಿರಾಕಿ.

"ಒಳಗ ಮಷೀನ ಇಲ್ಲ, ಮ್ಯಾಲೆ ತಗಡ ಇಲ್ಲ. ಏನ್ ಕಾಯ್ತಿಯೋ ಮಾರಾಯಾ?" ಎಂದು ಕೇಳಿದೆ.

"ಬಾಗಲಕ್ಕ ಕೀಲಿ ಐತಲ್ರಿ."

"ಕೀಲಿ ಕಾಯಾಕ ಒಬ್ಬ ಆಳ ಬೇಕ?"

"ಹೊಸಾ ಕೀಲಿರೀ. ಹಳೇದು ಹೋದ ತಿಂಗಳ ಕಳುವಾತು."

ಕೊಸರು

ನಮ್ಮ ಕಡೆಯ ಹೆಂಗಸರು ಹುಬ್ಬಳ್ಳಿ ಪೇಟೆಗೆ ವೀಳ್ಯದೆಲೆ ಒಯ್ಯುತ್ತಾರೆ. ಕಾಗದ ಬಂದ ವಾರವೇ ಅವರಲ್ಲಿ ಹಿರಿಯಳಾದ ಅಜ್ಜಿ ಆರು ಟಿಕೆಟ್ ತೆಗೆದುಕೊಂಡು, ಕೈ ಹಿಂದೆ ತೆಗೆಯದೆ ನಿಂತಳು.

"ಕೊಸರು ಹಾಕ್ರಿ ಅಣ್ಣಾರ."

"ಟಿಕೀಟಿಗೆ ಎಲ್ಲಿ ಕೊಸರು ಯವ್ವಾ?"

"ನೂರು ಎಲಿಗೆ ನಾವು ಎರಡು ಎಲಿ ಮ್ಯಾಲೆ ಹಾಕ್ತೇವಿ. ಬಸ್ಸಿನ್ಯಾಗ ನಮಗ ಪುಕ್ಕಟ ಐತಿ. ಎಲಿ ಪೆಂಡಿಗೆ ಜಾಗಾ ಸಿಗತೈತಂತ ಗಾಡಿಗೆ ಬರ್ತೇವಿ. ನಿಮಗ ಅಷ್ಟೂ ಧಾರಾಳ ಇಲ್ಲಂದ್ರ ಶಿಗ್ಗಾಂವಿ ಹಾದಿ ಹಿಡೀತೇವಿ, ಬಿಡ್ರಿ."

ಆರು ಟಿಕೆಟ್ ಎಂದರೆ ನನಗೆ ಸಣ್ಣ ಮಾತಲ್ಲ. ಕಿಟಕಿಯ ಬಳಿ ದೇವರ ಫೋಟೋದ ಮುಂದೆ ತಟ್ಟೆಯಲ್ಲಿ ಕಲ್ಲುಸಕ್ಕರೆ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಹರಳು ಕೊಟ್ಟೆ. "ಇದು ನ್ಯಾಯ" ಎಂದು ಬಾಯಿಗೆ ಹಾಕಿಕೊಂಡರು. ಮರುದಿನದಿಂದ ಕಿಟಕಿಗೆ ಪಾಳಿ ಹತ್ತಿತು. ಮೂರನೆಯ ದಿನ ಎಣ್ಣೆ ಗಿರಣಿಯ ಲೆಕ್ಕ ಬರೆಯುವ ದಿವಾನರು, ತಿಂಗಳ ಪಾಸು ಇದ್ದವರು, ಒಳಗೆ ಕೈ ಚಾಚಿ ಮೆಲ್ಲಗೆ ಕೇಳಿದರು:

"ಪಾಸಿನವರಿಗೆ ಕೊಸರಿಲ್ಲೇನ್ರಿ?"

ತೆಂಗಿನಕಾಯಿ

ಗಾಡಿ ಹತ್ತುವವರು ಇದ್ದರು. ಟಿಕೆಟ್ ಕೊಳ್ಳುವವರು ಕಡಿಮೆ. ನಮ್ಮ ಕಷ್ಟದ ಮೂಲ ಅದೇ. ಎಣ್ಣೆ ಗಿರಣಿಯ ಫಿಟ್ಟರ್ ಒಬ್ಬ ದಿನಾ ಸಂಜೆ ಹಳಿಯ ಪಕ್ಕದ ಮಾರುತಿ ಗುಡಿಯಲ್ಲಿ, ತಪಾಸಣೆಯವರು ಬಾರದಿರಲಿ ಎಂದು ಕಾಯಿ ಒಡೆಸಿ, ಟಿಕೆಟ್ ಇಲ್ಲದೆ ಗಾಡಿ ಹತ್ತುತ್ತಿದ್ದ.

"ಟಿಕೀಟಿಗಿಂತ ಕಾಯಿ ತುಟ್ಟಿ ಅಲ್ಲೇನೋ?" ಎಂದೆ.

"ಖರೇ ರೀ. ಆದ್ರ ಗುಡಿಯಾಗ ಅರ್ಧಾ ಕಾಯಿ ತಿರುಗಿ ಕೊಡ್ತಾರ. ನೀವೇನ್ ಕೊಡ್ತೀರಿ?"

ನಾನೂ ಬಿಡಲಿಲ್ಲ. ಹದಿನೈದು ದಿನ ಬೆನ್ನು ಹತ್ತಿ, "ಮಾರುತಿನ್ನ ನಿನ್ನ ಕಳವಿನ್ಯಾಗ ಪಾಲುದಾರ ಮಾಡ್ಕೊಂಡಿಯಲ್ಲೋ" ಎಂದು ಹೇಳಿ ಹೇಳಿ ಅವನ ಮನಸ್ಸು ತಿರುಗಿಸಿದೆ. ಟಿಕೆಟ್ ತೆಗೆಯತೊಡಗಿದ. ಅವನನ್ನು ನೋಡಿ ಗಿರಣಿಯ ಉಳಿದವರೂ ತೆಗೆದರು. ವಾರ ಕಳೆಯುವಷ್ಟರಲ್ಲಿ ಗುಡಿಯ ಪೂಜಾರಪ್ಪ ಮುಖ ಊದಿಸಿಕೊಂಡು ಕಿಟಕಿಗೆ ಬಂದ.

"ನಿಮ್ಮ ಟಿಕೀಟಿನ ಸಲುವಾಗಿ ನಮ್ಮನ್ಯಾಗ ಚಟ್ನಿ ನಿಂತೈತ್ರಿ."

ಎಣಿಕೆ

ಸಾಹೇಬರು ಬರುವ ಹಿಂದಿನ ದಿನ ಕಾವಲುಗಾರ, "ಹಿರೇಕೆರೂರಿಂದ ಬೀಗರನ್ನ ಕರೆಸ್ಲೇನ್ರಿ? ಮಂದಿ ಗಿಜಿಗಿಜಿ ಕಾಣ್ಲಿ" ಎಂದ.

"ಸುಳ್ಳು ಮಂದಿ ಬ್ಯಾಡ. ದಿನಾ ಗಾಡಿ ಹತ್ತಾವರು ಟಿಕೀಟ ತಗೊಂಡು ಹತ್ತಲಿ, ಸಾಕು" ಎಂದೆ.

ಮರುದಿನ ಮುಂಜಾನೆ ಸಾಹೇಬರು ಜೀಪಿನಲ್ಲಿ ಬಂದರು. ಕಿಟಕಿಯೊಳಗೆ ನನ್ನ ಕುರ್ಚಿಯಲ್ಲೇ ಕೂರಿಸಿದೆ. ಅವರಿಗೆಂದು ಮನೆಯಾಕೆ ಥರ್ಮಾಸು ತುಂಬ ಚಹಾ ಕಳಿಸಿದ್ದಳು. ಗಾಡಿ ಬಂತು. ನಮ್ಮಲ್ಲಿ ಪ್ಲಾಟ್‌ಫಾರ್ಮು ಇಲ್ಲ, ಮೆಟ್ಟಿಲು ಸೊಂಟದ ಎತ್ತರಕ್ಕೆ. ಕೊಸರಿನ ಅಜ್ಜಿಯ ಎಲೆ ಪೆಂಡಿ ಬಾಗಿಲಲ್ಲಿ ಸಿಕ್ಕಿಬಿತ್ತು. ನಾನೇ ಹತ್ತಿ ಒಳಗೆ ಎಳೆದು, ಸೀಟಿನ ಕೆಳಗೆ ನೂಕಿ, ತಲೆ ಎತ್ತಿ ನೋಡುತ್ತೇನೆ, ಹೊರಗಿನ ಬೇವಿನ ಮರ ಹಿಂದಕ್ಕೆ ಹೋಗುತ್ತಿದೆ!

ಮೊಬೈಲು ಕಿಟಕಿಯಲ್ಲಿ, ಟಿಕೆಟ್ ಪೆಟ್ಟಿಗೆ ಕಿಟಕಿಯಲ್ಲಿ, ಸಾಹೇಬರೂ ಕಿಟಕಿಯಲ್ಲಿ. ಇಷ್ಟು ದಿನ ಎಲ್ಲರಿಗೂ ಬುದ್ಧಿ ಹೇಳಿದ ನಾನು ಟಿಕೆಟ್ ಇಲ್ಲದೆ ಗಾಡಿಯಲ್ಲಿ. 'ಏಜೆಂಟನೇ ಓಡಿಹೋದ' ಎಂದು ಬರೆದುಕೊಂಡರೆ ಮುಗಿಯಿತು ನಮ್ಮ ಹಾಲ್ಟು. ಅಜ್ಜಿ ಸೆರಗಿನ ಗಂಟು ಬಿಚ್ಚಿ, "ಅಂಜಬ್ಯಾಡ್ರಿ ಅಣ್ಣಾರ, ಕೊಸರು ಬಾಯಾಗ ಹಾಕ್ಕೋರಿ" ಎಂದು ನನ್ನದೇ ಕಲ್ಲುಸಕ್ಕರೆ ನನಗೆ ಕೊಟ್ಟಳು.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ತಪ್ಪು ಒಪ್ಪಿಕೊಂಡು ದಂಡ ಕಟ್ಟಿ, ಎರಡು ತಾಸು ಶಿವನಾಮ ಜಪಿಸುತ್ತ ಕೂತು, ಎದುರಿನ ಗಾಡಿ ಹಿಡಿದು ಬಂದೆ. ಇಳಿದು ನೋಡಿದರೆ ಆ ಗಾಡಿಗೆ ಹೋಗುವವರು ಕಿಟಕಿಗೆ ಮುತ್ತಿದ್ದಾರೆ. ಕಾವಲುಗಾರ ಬಡಿಗೆ ಹಿಡಿದು ಪಾಳಿ ನಿಲ್ಲಿಸುತ್ತಿದ್ದಾನೆ. ಒಳಗೆ ಸಾಹೇಬರು ತೋಳು ಮಡಚಿ, ಮೂಗಿನ ತುದಿಗೆ ಕನ್ನಡಕ ಇಳಿಸಿ, ಟಿಕೆಟ್ ಹರಿಯುತ್ತ ಕೂಗುತ್ತಿದ್ದಾರೆ: "ಕೊಸರು ತೀರೇತಿ ಯವ್ವಾ! ಖಾಲಿ ತಟ್ಟಿ ನೋಡು ಬೇಕಾದ್ರ!"

ಗಾಡಿ ಹೋದ ಮೇಲೆ ಕೈಮುಗಿದು ನಿಂತೆ. "ತಪ್ಪಾತ್ರಿ ಸಾಹೇಬ್ರ."

ಅವರು ಬೆವರು ಒರೆಸಿಕೊಂಡರು. "ಎಣಿಸಾಕ ಬಂದಿದ್ದೆ. ನಿಮ್ಮ ಮಂದಿ ಎಣಿಸಾಕ ಪುರಸೊತ್ತರ ಎಲ್ಲಿ ಕೊಟ್ರು? ಗಾಡಿ ನಿಲ್ಲಬೇಕಂತ ಬರೀತೇನಿ. ಮೊದಲ ನಿಮ್ಮ ಕುರ್ಚಿ ನೀವು ತಗೋರಿ."

ಮುಂದೆ ಗಾಡಿ ಉಳಿಯಿತು, ಇಂದಿಗೂ ನಿಲ್ಲುತ್ತದೆ. ಆದರೆ ಆ ಕ್ಷಣಕ್ಕೆ ನನಗೆ ಸಾಹೇಬರ ಮಾತೇ ಸಾಕಾಗಿತ್ತು. ಬಸವಣ್ಣನ ಗುಡಿಯ ಕಡೆ ತಿರುಗಿ ಕೈಮುಗಿದೆ. ಹರಕೆ ತೀರಿತು. ಎರಡು ತಿಂಗಳ ಮೇಲೆ ಮೊದಲ ಚಹಾ! ಥರ್ಮಾಸು ಎತ್ತಿ ಚಹಾದ ಬಸಿಯ ಮೇಲೆ ಬಗ್ಗಿಸಿದೆ. ಒಂದೇ ಒಂದು ಹನಿ ಬಿತ್ತು.

ಸಾಹೇಬರು ಆಚೆ ನೋಡಿದರು.

"ಕೊಸರು ಇಲ್ಲಂತ ಹೇಳಿ ಹೇಳಿ ಗಂಟಲಾ ಒಣಗಿತ್ತ್ರಿ."