ಹುಲ್ಲುಹಾಸಿಗೆ ಬಂದ ಕಾಡು ಈರುಳ್ಳಿ

ತೆಂಗಿನ ಸೀಮೆಯಲ್ಲಿದ್ದುಕೊಂಡು ಹುಲ್ಲು ಬೆಳೆಯಲು ಹೊರಟವರ ಮನೆಯಲ್ಲಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ತಿಪಟೂರಿನ ಅಂಚಿನಲ್ಲಿ ನಮ್ಮ ಮನೆ. ಮುಂದಿನ ಜಾಗದಲ್ಲಿ ಲಾನು ಮಾಡಬೇಕೆಂಬುದು ನಮ್ಮ ಯಜಮಾನರ ಬಹುದಿನದ ಕನಸು. ಹಂದನಕೆರೆ ಕಡೆಯಿಂದ ಕೆಮ್ಮಣ್ಣು ತರಿಸಿ ಹುಲ್ಲು ಹಾಸಿಸಿದರು. ಸಂಜೆ ಕುರ್ಚಿ ಹಾಕಿಕೊಂಡು ಕೂತರೆ ತೆಂಗಿನ ಗರಿಗಳ ನೆರಳು ಹುಲ್ಲಿನ ಮೇಲೆ ತೂಗಾಡುತ್ತಿತ್ತು. ನೋಡುತ್ತ ನೋಡುತ್ತ ನಾನು ಎಲ್ಲೋ ತೇಲಿಹೋಗುತ್ತಿದ್ದೆ. ಆ ಮಣ್ಣಿನೊಳಗೆ ಗೆಡ್ಡೆಗಳೂ ಹಾಯಾಗಿ ಮಲಗಿವೆ ಎಂದು ಯಾರಿಗೆ ಗೊತ್ತಿತ್ತು?

೧. ವಾಸನೆ ಇಲ್ಲದ ಈರುಳ್ಳಿ

ಮಳೆ ಬಿದ್ದದ್ದೇ ತಡ, ಹುಲ್ಲಿನ ನಡುವೆ ಅಲ್ಲಲ್ಲಿ ಉದ್ದನೆಯ ಎಲೆಗಳೆದ್ದವು. ನಮ್ಮತ್ತೆ ಒಂದು ಹಿಡಿ ಕಿತ್ತು ಮೂಸಿದರು. "ಈರುಳ್ಳಿ ಥರಾನೇ ಐತೆ. ವಾಸ್ನೆ ಮಾತ್ರ ಇಲ್ಲ ಕಣೇ."

ಹಾಲು ತಂದಿದ್ದ ಪಕ್ಕದ ಮನೆಯಾಕೆ ಗಾಬರಿಯಾದಳು. "ಬಿಸಾಕಜ್ಜಿ! ಅದು ಕಾಡು ಈರುಳ್ಳಿ, ವಿಷ!"

ಅತ್ತೆ ಕೈ ಕೊಡವಿಕೊಂಡು ಮಗನ ಕಡೆ ತಿರುಗಿದರು. "ನೀನು ಹಾಕಿದ್ದೂ ತಿನ್ನಂಗಿಲ್ಲ, ತಾನಾಗೇ ಬಂದಿದ್ದೂ ತಿನ್ನಂಗಿಲ್ಲ. ಏನ್ ಬೇಸಾಯನಪ್ಪ ನಿಂದು!"

೨. ಗುಂಡಿ

ಎಳೆದರೆ ಎಲೆ ಕೈಗೆ ಬರುತ್ತಿತ್ತು, ಗೆಡ್ಡೆ ಮೊಳದಾಳದಲ್ಲಿ ಕೂತೇ ಇರುತ್ತಿತ್ತು. ಯಜಮಾನರು ಹಾರೆ ಹಿಡಿದರು. ನಮ್ಮ ಕಡೆ ಗುಂಡಿ ತೋಡುವವನನ್ನು ಕಂಡರೆ ತೆಂಗಿನ ಸಸಿ ಇಡುತ್ತಾನೆಂದೇ ಅರ್ಥ. ಬೈಕಿನವನೊಬ್ಬ ನಿಲ್ಲಿಸಿ, "ಸಾಲು ವಂಕಾಗೈತಲ್ರೀ" ಎಂದ. ಇನ್ನೊಬ್ಬರು, "ಇನ್ನೊಂಚೂರು ಆಳ ಹೋಗ್ಬೇಕು ಕಣಪ್ಪ" ಎಂದರು.

"ನಾನು ನೆಡ್ತಿಲ್ಲ ಕಣ್ರೀ, ಕೀಳ್ತಿದೀನಿ!" ಎಂದು ಹೇಳಿ ಹೇಳಿ ಯಜಮಾನರ ಗಂಟಲು ಒಣಗಿತು.

ಬೆಳಗ್ಗೆ ಎದ್ದು ನೋಡಿದರೆ ಗೇಟಿನ ಬಳಿ ತೆಂಗಿನ ಸಸಿಗಳು. ಎದುರು ಮನೆಯವರು ಕೈಮುಗಿದು ಹೇಳಿದರು: "ಬ್ಯಾಡ ಅನ್ಬೇಡಿ. ಅಷ್ಟೊಂದು ಗುಂಡಿ ಖಾಲಿ ಬಿದ್ದಿರೋದ ನೋಡಕ್ಕಾಗ್ಲಿಲ್ಲ."

೩. ಹಸು

"ಹಸ ಬುಟ್ಟು ನೋಡಿ" ಎಂದು ಯಾರೋ ಸಲಹೆ ಕೊಟ್ಟರು. ಪಕ್ಕದ ಮನೆಯ ಹಸು ಬಂತು. ಮಧ್ಯಾಹ್ನವೆಲ್ಲ ಕಣ್ಣು ಅರೆಮುಚ್ಚಿ ಮೇಯಿತು. ಅದರ ಕೊರಳ ಗಂಟೆ ಕೇಳುತ್ತ ನನಗೂ ಮಂಪರು ಹತ್ತಿತು. ಎದ್ದಾಗ ಲಾನಿನ ಹುಲ್ಲು ಬುಡಮಟ್ಟ ಖಾಲಿ. ಕಾಡು ಈರುಳ್ಳಿ ಮಾತ್ರ ಒಂದೆಳೆಯೂ ಕೊಂಕದೆ ನಿಂತಿತ್ತು.

"ಏನ್ರೀ ಇದು ನಿಮ್ ಹಸ?" ಎಂದರು ಯಜಮಾನರು.

ಪಕ್ಕದ ಮನೆಯಾಕೆಗೆ ಸಿಟ್ಟು ಬಂತು. "ವಿಷ ತಿನ್ನಕ್ಕೆ ಅದೇನು ದಡ್ಡಾನ?"

೪. ಬೇರು ಬಿಟ್ಟದ್ದು

ಬೇಸಿಗೆಗೆ ಎಲೆಗಳೆಲ್ಲ ಒಣಗಿ ಮಾಯವಾದವು. ಪೀಡೆ ತೊಲಗಿತು ಎಂದುಕೊಂಡೆವು. ಅಷ್ಟರಲ್ಲಿ ನಮ್ಮ ಒಬ್ಬಳೇ ಮಗಳನ್ನು ನೋಡಲು ತುರುವೇಕೆರೆಯಿಂದ ಗಂಡಿನವರು ಬರುವುದೆಂದಾಯಿತು. ಅವರು ಬರುವ ಹೊತ್ತಿಗೆ ಸರಿಯಾಗಿ ಬರಿನೆಲದಿಂದ ಉದ್ದುದ್ದ ದಂಟುಗಳೆದ್ದಿದ್ದವು. ಸಂಜೆಯ ಬೆಳಕಿನಲ್ಲಿ ಪುಟ್ಟ ಪುಟ್ಟ ಗಂಟೆಯಂಥ ಹೂಗಳು ಒಂದೊಂದಾಗಿ ಅರಳುತ್ತಿದ್ದವು. ಮಾತಾಡುತ್ತಿದ್ದವರೆಲ್ಲ ಅತ್ತ ತಿರುಗಿದರು. ಗಂಡಿನ ತಾಯಿ ಕಾಫಿ ಲೋಟ ಹಿಡಿದುಕೊಂಡೇ ಕೇಳಿದರು, "ನಮ್ ಲಾನಿಗೂ ಸಿಗ್ತದಾ ಇದು?"

ಯಜಮಾನರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ. ತಾವೇ ಅಗೆದು, ಚೀಲ ತುಂಬಿ, ಕಾರಿಗಿಟ್ಟರು. ಸಂಬಂಧವೂ ಕುದುರಿತು. ಮದುವೆಯಾಗಿ ಮಗಳು ಅತ್ತೆಮನೆ ಸೇರಿದಳು.

ಮಳೆಗಾಲ ಹಿಡಿಯಿತು. ಒಂದು ಬೆಳಗ್ಗೆ ಬೀಗಿತ್ತಿಯ ಫೋನು ಬಂತು. ದನಿ ಸರಿಯಿರಲಿಲ್ಲ.

"ಹೆಂಗೆ ಹೇಳೋದೋ ಗೊತ್ತಾಗ್ತಿಲ್ಲ ಕಣ್ರೀ. ನಿಮ್ಮನೆಯಿಂದ ಬಂದಿದ್ದು ಮನೆ ಮುಂದೆಲ್ಲ ಹರಡ್ಕೊಂಡು ಕೂತೈತೆ. ಏನ್ ಮಾಡಿದ್ರೂ ಬಗ್ಗಲ್ಲ."

ನಾನು ಗೋಡೆಯ ಮೇಲಿದ್ದ ಮಗಳ ಮದುವೆ ಫೋಟೋ ಕಡೆ ನೋಡಿದೆ. "ಇನ್ನೂ ಹೊಸದಲ್ವೇನ್ರೀ... ನಿಧಾನಕ್ಕೆ ಹೊಂದ್ಕೊತದೆ."

"ಹೊಂದ್ಕೊಳದೇನು, ಬೇರೇ ಬಿಟ್ಟೈತೆ! ನಮ್ ಯಜಮಾನ್ರಂತೂ ಬುಡ ಸಮೇತ ಕಿತ್ತು ಬೀದಿಗೆಸಿತೀನಿ ಅಂತ ಕುಣೀತಾವ್ರೆ."

ನಾನು ಅಳುವುದಕ್ಕೇ ಶುರುಮಾಡಿದೆ. "ಹಂಗನ್ಬೇಡಿ ಕಣ್ರೀ, ಮುದ್ದಾಗಿ ಸಾಕಿದ್ವಿ. ಬ್ಯಾಡ ಅಂದ್ರೆ ನಾವೇ ಬಂದು ಕರ್ಕೊಂಡು ಬತ್ತೀವಿ!"

ಬೀಗಿತ್ತಿ ಮೆತ್ತಗೆ ಕೇಳಿದರು:

"ಕರ್ಕೊಂಡು ಹೋಗದಾ? ಈರುಳ್ಳೀನಾ?"