ಹೋಗುವಾಗ ಕಾಲು ತೊಳೆಯುವ ಅಳಿಯ

ಹಳೆಯ ಕಾರು ಇಟ್ಟುಕೊಂಡವನಿಗೆ ಸುಳ್ಳು ಹೇಳುವುದನ್ನು ಯಾರೂ ಬೇರೆಯಾಗಿ ಕಲಿಸಬೇಕಾಗಿಲ್ಲ. ಎಂಜಿನ್ ಮುನಿಸಿಕೊಂಡರೆ ಪೆಟ್ರೋಲಿನ ತಪ್ಪು, ಬಾಗಿಲು ಕಳಚಿ ಕೈಗೆ ಬಂದರೆ ರಸ್ತೆಯ ತಪ್ಪು. ಗಾಡಿ ನಿಂತೇಬಿಟ್ಟರೆ "ಎಂಥಾ ಚಲೋ ಗಾಳಿ ಬೀಸಾಕತ್ತೈತಿ!" ಎನ್ನುತ್ತಾ ಕೆಳಗಿಳಿಯಬೇಕು. ಅಪ್ಪ ಕೊಂಡಿದ್ದ, ಗುಂಡು ದೀಪದ, ದುಂಡು ಬೆನ್ನಿನ ಆ ಬಿಳಿ ಕಾರಿನ ಮೇಲೆ ನನಗೆ ಅಷ್ಟು ಪ್ರೀತಿ. ಒರೆಸುವಾಗ ಅದರ ಜೊತೆ ಮಾತೂ ಆಡುತ್ತೇನೆ. ಆದರೆ ಹೆಂಡತಿ ಸುಶೀಲಾಳಿಗೆ ಸಾಕುಸಾಕಾಗಿತ್ತು. ಆ ಭಾನುವಾರ ಸೀರೆ ತರಲು ಜತ್ತ ಪೇಟೆಗೆ ಹೊರಟಾಗ ಕಡ್ಡಿ ಮುರಿದಂತೆ ಹೇಳಿದಳು: "ಇವತ್ತ ಹಾದ್ಯಾಗ ಕೆಟ್ಟು ನಿಂತ್ರ ನಾಳಿಗೇ ಮಾರಬೇಕು ನೋಡ್ರಿ. ಆಮ್ಯಾಲ ನಿಮ್ಮ ಮಾತು ಒಂದೂ ಕೇಳಂಗಿಲ್ಲ."

ಹೋಗುವಾಗ ಕಾರು ಹಾರಿಕೊಂಡೇ ಹೋಯಿತು. ತಿರುಗಿ ನಮ್ಮೂರು ಶೇಗಾಂವಕ್ಕೆ ಬರುವಾಗ, ಜತ್ತ ದಾಟುತ್ತಲೇ, ಬಾನೆಟ್ಟಿನೊಳಗಿಂದ ಕಿರ್ರ್ ಎಂದಿತು. ವಾಟರ್ ಪಂಪು! ಎಂಜಿನ್ನಿನ ಸುತ್ತ ನೀರು ಹರಿಸಿ ತಣ್ಣಗಿಡುವ ಆ ಪಂಪಿನ ಸೀಲು ಹೋಗಿ ನೀರು ಸೋರುತ್ತಿತ್ತು, ಶಾಖದ ಮುಳ್ಳು ಕೆಂಪಿನ ಕಡೆ ಏರುತ್ತಿತ್ತು. ಸದ್ದು ಕೇಳಿಸದಿರಲೆಂದು ಜೋರಾಗಿ ಕೆಮ್ಮಿದೆ. ಕೆಮ್ಮಿದರೆ ಮುಳ್ಳು ಇಳಿಯುತ್ತದೆಯೇ? ಅಷ್ಟರಲ್ಲಿ ರಸ್ತೆ ಪಕ್ಕ ಸುಶೀಲಾಳ ಅಕ್ಕನ ಮನೆ ಕಂಡಿತು. ಆಹಾ, ಎಂಥಾ ಬುದ್ಧಿ ಹೊಳೆಯಿತು! ನಮ್ಮ ಕಡೆ ನೆಂಟರು ಬಂದರೆ ಮೊದಲು ಕಾಲಿಗೆ ನೀರು ಕೊಡುತ್ತಾರಲ್ಲ! "ಅಕ್ಕಾರನ್ನ ನೋಡಿ ಭಾಳ ದಿನ ಆತು, ಒಂದೀಟು ಮಾತಾಡ್ಸಿ ಹೋಗೂಣು" ಎಂದೆ. ಸುಶೀಲಾ ಜ್ವರವೇನಾದರೂ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಅಕ್ಕ ಓಡಿ ಬಂದು, "ಬರ್ರಿ ಬರ್ರಿ, ಕಾಲ ತೊಳ್ಕೊಳ್ರಿ" ಎಂದು ಬಕೆಟ್ ತುಂಬ ನೀರಿಟ್ಟರು. ಆದರೆ ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದರೆ ಮುಖವೇ ಬೆಂದುಹೋಗುತ್ತದೆ! "ನೀರು ಅಲ್ಲೇ ಇರ್ಲಿ" ಎಂದು ಧೂಳುಗಾಲಲ್ಲೇ ಒಳಗೆ ಹೋಗಿ ಕುಳಿತೆ. ಚಹಾ, ಚುರುಮುರಿ, ಊರ ಸುದ್ದಿ ಎಲ್ಲ ಮುಗಿದು ಎಂಜಿನ್ ತಣಿದ ಮೇಲೆ, "ಕಾಲ ತೊಳ್ಕೊಂಡ್ ಬರ್ತೀನಿ" ಎಂದು ಹೊರಗೋಡಿ ಕಾರಿಗೆ ಹೊಟ್ಟೆ ತುಂಬ ನೀರು ಕುಡಿಸಿದೆ.

ಮುಂದೆ ಮುಳ್ಳು ಮತ್ತೆ ಏರುವ ಹೊತ್ತಿಗೆ ಸರಿಯಾಗಿ ಅವಳ ಸೋದರಮಾವನ ಮನೆ. ಅಲ್ಲಿಯೂ ಮೊದಲು ಚಹಾ, ಕೊನೆಗೆ ಕಾಲು. ಮಾವ ಕಟ್ಟೆಯ ಮೇಲಿಂದಲೇ ಕೂಗಿದರು: "ಅಲ್ರೀ ಅಳಿಯಾರ, ಮಂದಿ ಬರಾಗ ಕಾಲ ತೊಳ್ಕೋತಾರ. ನೀವು ಹೋಗಾಗ ತೊಳ್ಕೋತೀರಲ್ಲ!"

"ಶೇಗಾಂವದಾಗ ಪದ್ಧತಿನ ಹಂಗರಿ ಮಾವಾ" ಎಂದೆ, ಬಾನೆಟ್ಟಿನ ಮರೆಯಿಂದ.

ಅಂತೂ ಮನೆಯಂಗಳ ಮುಟ್ಟಿದೆವು! ಗೆದ್ದೆನಲ್ಲಪ್ಪಾ ಎಂದು ಸ್ಟೇರಿಂಗಿಗೆ ಮುತ್ತಿಟ್ಟೆ. "ನೋಡಿದೇನ? ಎಲ್ಲೂ ಕೆಡಲಿಲ್ಲ. ಇನ್ನ ಮಾರೂ ಮಾತು ತಗೀಬ್ಯಾಡ!"

ಸುಶೀಲಾ ಧೂಳು ಮೆತ್ತಿದ ನನ್ನ ಪಾದಗಳನ್ನೇ ನೋಡುತ್ತಿದ್ದಳು. "ಎರಡು ಮನಿಯಾಗ ತೊಳದ ಕಾಲ ಏನ್ರಿ ಇವು? ಪಂಪ್ ಸೋರೂದು ನನಗ ಅಕ್ಕನ ಮನಿ ಮುಂದನ ಗೊತ್ತಾಗಿತ್ತು."

ಹೋಯಿತು ಕಾರು, ಎಂದುಕೊಂಡೆ.

"ಮಾರಬ್ಯಾಡ್ರಿ" ಎಂದಳು ಅವಳು. "ಗಾಡಿ ಚಲೋ ಇದ್ದಾಗ ನಮ್ಮ ಮಂದಿ ಮನಿ ಮುಂದ ಭರ್ರಂತ ಹೋಗಿಬಿಡ್ತಿದ್ರಿ. ಇವತ್ತ ಎಲ್ಲಾರನೂ ಮಾತಾಡಿಸಿದ್ರಿ, ನನಗ ಎಷ್ಟು ಖುಷಿ ಆತು! ಆ ಪಂಪ್ ಮಾತ್ರ ರಿಪೇರಿ ಮಾಡಸ್ಬ್ಯಾಡ್ರಿ."

ಎಂಜಿನ್ ಸುಟ್ಟುಹೋದೀತೆಂಬ ಹೆದರಿಕೆಗೆ ನಾನು ಗುಟ್ಟಾಗಿ ಹೊಸ ಪಂಪು ಹಾಕಿಸಿದ್ದೇನೆ. ಈಗ ಒಂದು ಹನಿಯೂ ಸೋರುವುದಿಲ್ಲ. ಆದರೂ ಅವಳ ಕಡೆಯವರ ಮನೆ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ, ಚಹಾ ಕುಡಿದು, ಬಾನೆಟ್ಟು ಎತ್ತಿ, ಬಕೆಟ್ಟಿನ ನೀರನ್ನು ಅವಳಿಗೆ ಕಾಣದಂತೆ ಪಕ್ಕದ ಬೇವಿನ ಗಿಡಕ್ಕೆ ಸುರಿದು, ಧೂಳುಗಾಲಲ್ಲೇ ಬಂದು ಕೂರುತ್ತೇನೆ. ಕಾಲು ತೊಳೆದರೆ ಸಿಕ್ಕಿಬೀಳುತ್ತೇನಲ್ಲ!